ಕರ್ಫ್ಯೂ ಮುಗಿದ ಮೇಲೆ ವ್ಯಾಪಾರ: ಕೊಡಗಿನ ಸಣ್ಣ ಅಂಗಡಿಯವರಿಗೆ ಹೆಜ್ಜೆ ಹೆಜ್ಜೆಯ ದಾರಿ

2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಟಿಪ್ಪು ಜಯಂತಿ ವಿಚಾರಕ್ಕೆ ಘರ್ಷಣೆ ಆಯಿತು. ಪ್ರಾಣ ಹೋಯಿತು, ನಿಷೇಧಾಜ್ಞೆ ಬಂತು, ಪೇಟೆ ಮುಚ್ಚಿತು. ಅದು ದೀಪಾವಳಿಯ ವಾರ. ಬಟ್ಟೆ, ಸ್ವೀಟು, ಪಟಾಕಿ, ದಿನಸಿ ಅಂತ ವ್ಯಾಪಾರಿಗಳು ನಾಲ್ಕು ಕಾಸು ಜಾಸ್ತಿ ನೋಡಬೇಕಾದ ದಿನಗಳು. ಮೂರು ವರ್ಷ ಕಳೆಯುವುದರೊಳಗೆ, 2018ರ ಆಗಸ್ಟ್‌ನಲ್ಲಿ, ಗುಡ್ಡ ಕುಸಿದು ಜಿಲ್ಲೆಗೆ ಇನ್ನೊಂದು ಪೆಟ್ಟು ಬಿತ್ತು. ಎರಡಕ್ಕೂ ಕಾರಣ ಬೇರೆ ಬೇರೆ. ಆದರೆ ಸಣ್ಣ ಅಂಗಡಿಯವರು ಅನುಭವಿಸಿದ್ದು ಒಂದೇ ರೀತಿಯ ಕಷ್ಟ. ಶಟರ್ ಮುಚ್ಚಿದ್ದು ಕೆಲವು ದಿನ, ಗಿರಾಕಿ ಮರಳಿ ಬರಲು ಹಿಡಿದದ್ದು ತಿಂಗಳುಗಳು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಓಡುವುದು ಸಾಲಕ್ಕೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಕೆಲಸ. ಮೊದಲು ಲೆಕ್ಕ, ಆಮೇಲೆ ಮಾತು, ಅದಾದ ಮೇಲೆ ಸಾಲ. ಈ ಕ್ರಮ ತಪ್ಪಿದರೆ ಗಲಾಟೆಯಲ್ಲಿ ಉಳಿದ ಅಂಗಡಿಯೂ ಬಡ್ಡಿಯಲ್ಲಿ ಹೋಗುತ್ತದೆ. ಇದು ದಿನಸಿ ಅಂಗಡಿ, ಬೇಕರಿ, ಹೋಟೆಲು, ಟೈಲರ್ ಅಂಗಡಿ, ಸ್ಪೈಸ್ ಅಂಗಡಿ, ಹೋಂಸ್ಟೇ, ಬಾಡಿಗೆ ಜೀಪು, ರಸ್ತೆ ಬದಿಯ ತರಕಾರಿ ಗಾಡಿ ಎಲ್ಲಕ್ಕೂ ಅನ್ವಯಿಸುತ್ತದೆ.

ಹೆಜ್ಜೆ 1: ಗುಡಿಸುವ ಮೊದಲು ಫೋಟೋ ತೆಗೆಯಿರಿ

ಒಡೆದ ಗಾಜು, ಸುಟ್ಟ ರ‍್ಯಾಕು ಕಂಡ ಕೂಡಲೇ ಪೊರಕೆ ಹಿಡಿಯಲು ಕೈ ಹೋಗುತ್ತದೆ. ತಡೆಯಿರಿ. ಮೊದಲು ಮೊಬೈಲಿನಲ್ಲಿ ಹೊರಗಿನಿಂದ ಒಳಗಿನವರೆಗೆ ಒಂದೇ ಉದ್ದದ ವಿಡಿಯೋ ಮಾಡಿ. ಬೋರ್ಡು, ಬಾಗಿಲು, ಮೀಟರು, ಫ್ರಿಜ್ಜು, ರ‍್ಯಾಕು, ಗಲ್ಲಾ ಎಲ್ಲ ಕಾಣಬೇಕು. ನಂತರ ಹಾಳಾದ ಒಂದೊಂದು ವಸ್ತುವಿನದೂ ಬೇರೆ ಫೋಟೋ ತೆಗೆಯಿರಿ. ಆ ಫೋಟೋಗಳನ್ನು ಅಂದೇ ಇನ್ನೊಬ್ಬರ ಫೋನಿಗೋ ಇಮೇಲಿಗೋ ಕಳಿಸಿಡಿ. ಫೋನು ಬಿದ್ದು ಹೋದರೂ ದಾಖಲೆ ಉಳಿಯುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ನಷ್ಟದ ಪಟ್ಟಿ ಬರೆಯಿರಿ. ವಸ್ತು ಏನು, ಎಷ್ಟಿತ್ತು, ತಂದ ಬೆಲೆ ಎಷ್ಟು, ಬಿಲ್ಲು ಇದೆಯೇ ಇಲ್ಲವೇ. ಬಿಲ್ಲು ಸುಟ್ಟುಹೋಗಿದ್ದರೆ ಹೋಲ್‌ಸೇಲಿನವರಿಂದ ಇನ್ನೊಂದು ಪ್ರತಿ ಕೇಳಿ. ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಮಾರುವ ಬೆಲೆ ಬರೆಯಬೇಡಿ, ಕೊಂಡ ಬೆಲೆ ಬರೆಯಿರಿ. ಒಂದು ರೂಪಾಯಿಯನ್ನೂ ಏರಿಸಬೇಡಿ. ಪರಿಶೀಲನೆಗೆ ಬಂದವರಿಗೆ ಒಂದು ಸಾಲು ಸುಳ್ಳು ಅನ್ನಿಸಿದರೆ ಸಾಕು, ಮಿಕ್ಕ ಪಟ್ಟಿಯ ಮೇಲೂ ಅನುಮಾನ ಬರುತ್ತದೆ.

ಆಮೇಲೆ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ನಿಮ್ಮ ಠಾಣೆಗೆ ಹೋಗುವ ದಾರಿ ಬಂದ್ ಆಗಿದ್ದರೆ ಬೇರೆ ಠಾಣೆಯಲ್ಲೂ ಕೊಡಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ದೂರಿನಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಯಾರೋ ಹೇಳಿದ ಹೆಸರುಗಳನ್ನು ಸೇರಿಸಬೇಡಿ. ಅದರಿಂದ ನಿಮ್ಮ ಪರಿಹಾರ ಬೇಗ ಬರುವುದಿಲ್ಲ, ಊರಿನ ಗಾಯ ಮಾತ್ರ ದೊಡ್ಡದಾಗುತ್ತದೆ.

ಜೊತೆಗೆ ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಕೊಡಿ, ಗ್ರಾಮ ಆಡಳಿತಾಧಿಕಾರಿ ಬಂದು ಸ್ಥಳ ಮಹಜರು ಮಾಡಲಿ ಎಂದು ಕೇಳಿ. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದು ಸುಮ್ನೆ ಕಾಗದದ ಕೆಲಸ ಅಲ್ಲ. ಗಲಭೆಯಲ್ಲಿ ನೊಂದವರಿಗೆ ಬ್ಯಾಂಕುಗಳು ನೆರವು ಕೊಡುವ ಬಗ್ಗೆ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಮಾಡಿದೆ. ಅದರ ಪ್ರಕಾರ ಇಂಥವರು ನಿಜವಾಗಿ ನೊಂದವರು ಅಂತ ಸರ್ಕಾರಿ ಆಡಳಿತ ಗುರುತಿಸಬೇಕು. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಬ್ಯಾಂಕ್ ಮ್ಯಾನೇಜರಿಗೆ ಮನಸ್ಸಿದ್ದರೂ ಕೈ ಕಟ್ಟಿದಂತೆ. 2020ರ ಆಗಸ್ಟ್ 11ರಂದು ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಗಲಭೆ ಆದ ನಂತರ, ನಷ್ಟ ಅಂದಾಜು ಮಾಡಲು ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿತು. ಇಂಥ ಕಮಿಷನರ್ ಮುಂದೆ ಮಾತಾಡುವುದು ಫೋಟೋ, ಬಿಲ್ಲು, ಎಫ್‌ಐಆರ್.

ವಿಮೆ ಇದ್ದರೆ ಅದೇ ದಿನ ಕಂಪನಿಗೆ ತಿಳಿಸಿ. ನಷ್ಟ ಅಳೆಯುವ ಸರ್ವೇಯರ್ ಬರುವ ಮೊದಲು ಹಾಳಾದ ಮಾಲನ್ನು ಎಸೆಯಬೇಡಿ. ಹಾಲು, ಮಾಂಸ, ಮೀನು ಕೊಳೆತು ಇಡಲು ಆಗದಿದ್ದರೆ ಕಂಪನಿಯವರಿಗೆ ಹೇಳಿ, ಫೋಟೋ ತೆಗೆದು, ತೂಕ ಬರೆದುಕೊಂಡು ಆಮೇಲೆ ಹೂಳಿ. ಕರೆಂಟು ಹೋಗಿ ಕೆಟ್ಟ ಐಸ್‌ಕ್ರೀಮನ್ನೋ ಕೋಳಿಯನ್ನೋ ಕಡಿಮೆ ಬೆಲೆಗೆ ಕೊಟ್ಟುಬಿಡೋಣ ಅನ್ನುವ ಯೋಚನೆಯೇ ಬೇಡ.

ಮೀಟರು, ವೈರಿಂಗ್ ಸುಟ್ಟಿದ್ದರೆ ಕರೆಂಟು ಕೊಡುವ ಸೆಸ್ಕ್ ಕಚೇರಿಗೆ ಹೇಳಿ. ನೀವೇ ತಂತಿ ಸೇರಿಸಲು ಹೋಗಬೇಡಿ. ಜಿಎಸ್‌ಟಿ ನೋಂದಣಿ ಇದ್ದವರು ಇನ್ನೊಂದು ವಿಷಯ ನೆನಪಿಡಿ. ನಾಶವಾದ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಗೆ ಸಿಕ್ಕ ವಿನಾಯಿತಿ) ವಾಪಸ್ ಮಾಡಬೇಕಾಗುತ್ತದೆ. ವ್ಯಾಪಾರ ಸೊನ್ನೆ ಇದ್ದರೂ ರಿಟರ್ನ್ ಹಾಕಬೇಕು. ನಿಮ್ಮ ಲೆಕ್ಕಪತ್ರ ನೋಡುವವರ ಹತ್ತಿರ ಈ ಎರಡನ್ನೂ ಕೇಳಿ.

ಹೆಜ್ಜೆ 2: ದಿನಕ್ಕೆ ಎಷ್ಟು ವ್ಯಾಪಾರ ಆದರೆ ಅಂಗಡಿ ಉಳಿಯುತ್ತದೆ?

ಈ ಒಂದು ಅಂಕಿ ನಿಮ್ಮ ಬಾಯಲ್ಲಿ ಇರಬೇಕು. ಎಷ್ಟೋ ವರ್ಷ ಅಂಗಡಿ ನಡೆಸಿದವರೂ ಇದನ್ನು ಲೆಕ್ಕ ಹಾಕಿರುವುದಿಲ್ಲ, ಏಕೆಂದರೆ ಒಳ್ಳೆಯ ಕಾಲದಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಸುಂಟಿಕೊಪ್ಪದಂಥ ಊರಿನ ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ತಿಂಗಳಿಗೆ ಬಾಡಿಗೆ 8,000 ರೂಪಾಯಿ. ಕರೆಂಟು, ಫೋನು 2,000. ಕೆಲಸದ ಹುಡುಗನಿಗೆ 11,000. ಸಾಲದ ಕಂತು 7,000. ಮನೆ ಖರ್ಚಿಗೆ ಅಂಗಡಿಯಿಂದ ತೆಗೆಯುವುದು 14,000. ಒಟ್ಟು 42,000. ಮನೆ ಖರ್ಚನ್ನು ಸೇರಿಸಲೇಬೇಕು. ಅದನ್ನು ಬಿಟ್ಟು ಲೆಕ್ಕ ಹಾಕಿದವರು ಲಾಭ ಇದೆ ಅಂದುಕೊಂಡೇ ಗಲ್ಲಾ ಖಾಲಿ ಮಾಡಿಕೊಳ್ಳುತ್ತಾರೆ.

ಈಗ ನೂರು ರೂಪಾಯಿ ಮಾಲು ಮಾರಿದರೆ ಸರಾಸರಿ 15 ರೂಪಾಯಿ ಉಳಿಯುತ್ತದೆ ಅನ್ನೋಣ. 42,000 ಉಳಿಯಬೇಕಾದರೆ ತಿಂಗಳಿಗೆ 2,80,000 ರೂಪಾಯಿ ವ್ಯಾಪಾರ ಆಗಬೇಕು. 26 ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 10,800. ಗಲಾಟೆಗೆ ಮುಂಚೆ ದಿನಕ್ಕೆ 14,000 ಆಗುತ್ತಿತ್ತು, ಆರಾಮಾಗಿ ನಡೆಯುತ್ತಿತ್ತು. ಈಗ 8,000ಕ್ಕೆ ಇಳಿದಿದೆ. ಅಂದರೆ ತಿಂಗಳಿಗೆ ಉಳಿಯುವುದು 31,200. ಕೊರತೆ 10,800.

ಈ ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡಿ. ಇದನ್ನು ತುಂಡು ಮಾಡಿ ನೋಡಿ. ಬ್ಯಾಂಕು ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿಸಿಕೊಂಡು ಕಂತನ್ನು 3,000ಕ್ಕೆ ಇಳಿಸಿದರೆ 4,000 ಉಳಿಯಿತು. ಕಟ್ಟಡದ ಮಾಲೀಕರು ಮೂರು ತಿಂಗಳು ಅರ್ಧ ಬಾಡಿಗೆಗೆ ಒಪ್ಪಿದರೆ ಇನ್ನೊಂದು 4,000. ಉಳಿದದ್ದು 2,800. ಅದನ್ನು ಮನೆ ಖರ್ಚಿನಲ್ಲಿ ಹಿಡಿಯಬಹುದು. ಹೊಸ ಸಾಲ ಒಂದು ರೂಪಾಯಿಯೂ ಇಲ್ಲದೆ ಆ ಅಂಗಡಿ ಉಸಿರು ಹಿಡಿದು ನಿಂತಿತು. ಇದೇ ಕೊರತೆಗೆ ಕೈಸಾಲ ಮಾಡಿದ್ದರೆ? ಮುಂದಿನ ತಿಂಗಳು ಕೊರತೆಯ ಜೊತೆ ಬಡ್ಡಿಯೂ ಸೇರುತ್ತಿತ್ತು. ಲೆಕ್ಕ ಮೊದಲು, ಸಾಲ ಕೊನೆಗೆ ಅಂತ ಹೇಳಿದ್ದು ಇದಕ್ಕೇ.

ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಹೋಟೆಲಿನಲ್ಲಿ ನೂರಕ್ಕೆ ಉಳಿಯುವುದು ಜಾಸ್ತಿ, ಆದರೆ ಉಳಿದ ಅಡುಗೆ ಚೆಲ್ಲಬೇಕಾಗುತ್ತದೆ. ಹೋಂಸ್ಟೇಗೆ ದಿನದ ಲೆಕ್ಕ ಸರಿಬರುವುದಿಲ್ಲ, ತಿಂಗಳಿಗೆ ಎಷ್ಟು ರಾತ್ರಿ ರೂಮು ತುಂಬಬೇಕು ಅಂತ ನೋಡಬೇಕು. ಟೈಲರ್‌ಗೆ ಎಷ್ಟು ಬ್ಲೌಸು ಅನ್ನುವುದೇ ಲೆಕ್ಕ. ವಿಧಾನ ಮಾತ್ರ ಒಂದೇ: ತಿಂಗಳ ಖರ್ಚನ್ನು ನೂರು ರೂಪಾಯಿಗೆ ಉಳಿಯುವ ಹಣದಿಂದ ಭಾಗಿಸಿ, ನೂರರಿಂದ ಗುಣಿಸಿ. ಮೊದಲ ಮೂರು ತಿಂಗಳು ಪ್ರತಿ ರಾತ್ರಿ ಅಂದಿನ ವ್ಯಾಪಾರವನ್ನು ಈ ಅಂಕಿಯ ಪಕ್ಕ ಬರೆದಿಡಿ. ಮೂರನೇ ತಿಂಗಳ ಕೊನೆಗೂ ಅರ್ಧಕ್ಕೆ ಬರದಿದ್ದರೆ ಜಾಗ ಬದಲಿಸಬೇಕೋ, ಮಾಲು ಬದಲಿಸಬೇಕೋ ಅಂತ ಮನೆಯವರ ಜೊತೆ ಕೂತು ಮಾತಾಡುವ ಕಾಲ ಬಂದಿದೆ ಎಂದರ್ಥ. ಅದು ಸೋಲು ಅಲ್ಲ. ಇನ್ನೂ ಕೈಯಲ್ಲಿ ಸ್ವಲ್ಪ ಹಣ ಇರುವಾಗ ತೀರ್ಮಾನ ಮಾಡುವುದು ಜಾಣತನ.

ಹೆಜ್ಜೆ 3: ಎಲ್ಲ ರ‍್ಯಾಕು ತುಂಬಿಸಬೇಡಿ

ಅಂಗಡಿ ಖಾಲಿ ಕಂಡರೆ ಮಾನ ಹೋದಂತೆ ಅನ್ನಿಸುವುದು ಸಹಜ. ಆದರೂ ಇರುವ ಹಣವನ್ನೆಲ್ಲ ಮಾಲಿಗೆ ಹಾಕಬೇಡಿ. ದಿನಾ ಮಾರಾಟ ಆಗುವ ಹಾಲು, ಬ್ರೆಡ್ಡು, ಮೊಟ್ಟೆ, ಅಕ್ಕಿ, ಈರುಳ್ಳಿ, ಎಣ್ಣೆ, ಸೋಪು ಮೊದಲು ತನ್ನಿ. ಎರಡು ದಿನಕ್ಕೆ ಆಗುವಷ್ಟೇ ತನ್ನಿ. ಮಾರಿ, ಆ ಹಣದಲ್ಲಿ ಮತ್ತೆ ತನ್ನಿ. ತಿಂಗಳಿಗೊಮ್ಮೆ ಹೋಗುವ ಮಾಲನ್ನು ಕೇಳಿದವರಿಗೆ ಮಾತ್ರ ತರಿಸಿ ಕೊಡಿ. ಹಳೆ ಸ್ಟಾಕು ಕೂತಿದ್ದರೆ ತಂದ ಬೆಲೆಗೇ ಬಿಟ್ಟು ನಗದು ಮಾಡಿಕೊಳ್ಳಿ.

ಕೈಯಲ್ಲಿ ಹತ್ತು ದಿನದ ಮನೆ ಖರ್ಚು ನಗದಾಗಿಯೇ ಇರಲಿ. ಗಲಾಟೆ ಹೊತ್ತಿನಲ್ಲಿ ಇಂಟರ್‌ನೆಟ್ ನಿಲ್ಲಿಸಿದರೆ ಕ್ಯೂಆರ್ ಕೋಡು ಕೆಲಸಕ್ಕೆ ಬರುವುದಿಲ್ಲ. ಆಗಲೂ *99# ಒತ್ತಿದರೆ ನೆಟ್ ಇಲ್ಲದೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಯುಪಿಐ ಹಣ ಕಳಿಸಬಹುದು. ಅದನ್ನು ಈಗಲೇ ಒಮ್ಮೆ ಮಾಡಿ ನೋಡಿ ಅಭ್ಯಾಸ ಮಾಡಿಕೊಳ್ಳಿ. ನೆಟ್ ಇರುವಾಗ ಮಾತ್ರ ಆದಷ್ಟು ವ್ಯಾಪಾರ ಕ್ಯೂಆರ್ ಮೂಲಕವೇ ಬರಲಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಿದ್ದ ಹಣ ನಾಳೆ ನಿಮ್ಮ ವ್ಯಾಪಾರಕ್ಕೆ ಸಾಕ್ಷಿ ಆಗುತ್ತದೆ.

ಹೆಜ್ಜೆ 4: ಮಾತಾಡಿ. ಕಷ್ಟವಾದರೂ ನೀವೇ ಮೊದಲು ಮಾತಾಡಿ

ಕೊಡಗಿನ ಯಾವ ಪೇಟೆಯೂ ಒಂದೇ ಸಮುದಾಯದಿಂದ ನಡೆಯುವುದಿಲ್ಲ. ತೋಟದ ಮಾಲೀಕರು ಒಬ್ಬರು, ಕಾಫಿ ಕೊಯ್ಯುವವರು ಇನ್ನೊಬ್ಬರು, ಕಾಳುಮೆಣಸು ಕೊಳ್ಳುವವರು ಮತ್ತೊಬ್ಬರು, ಗಾಡಿ ಓಡಿಸುವವರು ಬೇರೆಯೇ. ಕೊಡವ, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ, ಈಗ ಅಸ್ಸಾಮಿನ ಕಾರ್ಮಿಕರ ಮಾತು ಕೂಡ ಒಂದೇ ಕೌಂಟರಿನಲ್ಲಿ ಕೇಳುತ್ತದೆ. ಗಲಾಟೆ ಹರಿಯುವುದು ಈ ನೂಲನ್ನೇ. ಆದ್ದರಿಂದ ಕಟ್ಟಡ ರಿಪೇರಿಗಿಂತ ಇದರ ರಿಪೇರಿ ಮುಖ್ಯ ಅಂತ ನಾನು ನಂಬಿದ್ದೇನೆ.

ಮೊದಲು ಕೆಲಸದವರು. ಬೇರೆ ಸಮುದಾಯದ ಹುಡುಗ ಭಯದಿಂದ ಕೆಲಸಕ್ಕೆ ಬರದಿದ್ದರೆ ಫೋನು ಮಾಡಿ, ಆಗದಿದ್ದರೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕರೆದುಕೊಂಡು ಮನೆಗೆ ಹೋಗಿ. "ನಿನ್ನ ಕೆಲಸ ಇಲ್ಲೇ ಇದೆ. ನಿನಗೆ ಧೈರ್ಯ ಬಂದ ದಿನ ಬಾ. ಕತ್ತಲಾಗುವ ಮೊದಲು ಮನೆಗೆ ಕಳಿಸುತ್ತೇನೆ" ಅಂತ ಅವನ ಮನೆಯವರ ಎದುರು ಹೇಳಿ. ಅಂಗಡಿ ಮುಚ್ಚಿದ್ದ ದಿನಗಳ ಸಂಬಳ ಪೂರ್ತಿ ಕೊಡಲು ಆಗದಿದ್ದರೂ ಅರ್ಧವಾದರೂ ಕೊಡಿ. ಕೆಲವು ವಾರ ಬಾಗಿಲು ಬೇಗ ಹಾಕಿದರೆ ನಷ್ಟ ಸ್ವಲ್ಪವೇ. ಪಳಗಿದ ಕೈ ಹೋದರೆ ಆಗುವ ನಷ್ಟ ದೊಡ್ಡದು.

ಮಾಲು ಕೊಡುವವರಿಗೆ, ಅವರು ಫೋನು ಮಾಡುವ ಮೊದಲೇ ನೀವು ಮಾಡಿ. ಮೈಸೂರು, ಹುಣಸೂರು, ಕುಶಾಲನಗರದ ಹೋಲ್‌ಸೇಲಿನವರಿಗೆ ಇಲ್ಲಿ ಏನಾಯಿತು ಅಂತ ಟಿವಿಯಲ್ಲಿ ಕಂಡಷ್ಟೇ ಗೊತ್ತು. ಅವರು ಹೆದರುವುದು ನೀವು ಸುಮ್ಮನಾದಾಗ. ಹೀಗೆ ಹೇಳಿದರೆ ಸಾಕು: "ಅಣ್ಣ, 38,000 ಬಾಕಿ ಇದೆ, ಮರೆತಿಲ್ಲ. ಈ ಶುಕ್ರವಾರದಿಂದ ವಾರಕ್ಕೆ 3,000 ಹಾಕುತ್ತೇನೆ. ಹೊಸ ಮಾಲು ಸದ್ಯಕ್ಕೆ ನಗದಿಗೇ ತಗೊಳ್ತೇನೆ, ಕಡ ಬೇಡ." ಹೇಳಿದ ಮೇಲೆ ಶುಕ್ರವಾರ ತಪ್ಪಬಾರದು. 3,000 ಆಗುವುದಿಲ್ಲ ಅನ್ನಿಸಿದರೆ ಮೊದಲೇ 2,000 ಅಂತ ಹೇಳಿ.

ಇನ್ನು ನಿಮಗೆ ಬರಬೇಕಾದ ಕಡದ ಪುಸ್ತಕ. ಕರ್ಫ್ಯೂ ದಿನಗಳಲ್ಲಿ ತೋಟದ ಕೆಲಸವೂ ನಿಂತಿರುತ್ತದೆ, ಲೈನ್ ಮನೆಗಳಲ್ಲಿ ಕಾಸು ಇರುವುದಿಲ್ಲ. ಮೊದಲ ಬಟವಾಡೆ ಆಗುವ ತನಕ ಕೇಳಬೇಡಿ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ, ನಾಲ್ಕು ಜನರ ಮುಂದೆ ಬೇಡ. ಹಳೆಯದನ್ನು ವಾರಕ್ಕೆ 100 ರೂಪಾಯಿಯಂತೆ ತೀರಿಸಲಿ, ಹೊಸ ಸಾಮಾನು ನಗದಿಗೆ ಒಯ್ಯಲಿ. ತಾರೀಖು ಬರೆದು ಇಬ್ಬರೂ ಸಹಿ ಹಾಕಿ. ಎಲ್ಲರಿಗೂ ಒಂದೇ ನಿಯಮ ಇರಬೇಕು. ಒಂದು ಸಮುದಾಯದವರಿಗೆ ಕಡ ನಿಲ್ಲಿಸಿ ಇನ್ನೊಬ್ಬರಿಗೆ ಕೊಟ್ಟರೆ ಸಂಜೆಯೊಳಗೆ ಅದು ಊರಿಗೆಲ್ಲ ಗೊತ್ತಾಗುತ್ತದೆ, ಆ ಮನೆಗಳ ಗಿರಾಕಿ ಮತ್ತೆ ಬರುವುದಿಲ್ಲ.

ಕಾಫಿಯ ಊರಿನವರಾದ ನಮಗೆ ದೂರದ ಒಂದು ಕಾಫಿ ಊರಿನ ಸಂಗತಿ ತಿಳಿದಿರಬೇಕು. ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ನರಮೇಧ ನಡೆಯಿತು. ನೆರೆಯವರೇ ನೆರೆಯವರನ್ನು ಕೊಂದರು. ಅದಾಗಿ ಐದು ವರ್ಷಕ್ಕೆ, 1999ರಲ್ಲಿ, ಮರಾಬಾ ಎಂಬಲ್ಲಿ ಸಣ್ಣ ಬೆಳೆಗಾರರು ಸಹಕಾರ ಸಂಘ ಕಟ್ಟಿದರು. ಗಂಡನನ್ನು ಕಳೆದುಕೊಂಡ ಹೆಂಗಸರು ಅದರಲ್ಲಿ ಬಹಳ ಇದ್ದರು. 2001ರ ಹೊತ್ತಿಗೆ ಅಲ್ಲಿ ಹಣ್ಣು ಪಲ್ಪಿಂಗ್ ಮಾಡಿ ತೊಳೆಯುವ ಘಟಕ ಬಂತು, ಕೀಳು ದರಕ್ಕೆ ಹೋಗುತ್ತಿದ್ದ ಕಾಫಿಯನ್ನು ಬ್ರಿಟನ್, ಅಮೆರಿಕದ ಕಂಪನಿಗಳು ಒಳ್ಳೆಯ ಬೆಲೆಗೆ ಕೊಂಡವು. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು ಅನ್ನುವುದು ನಮ್ಮ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಆ ಕೆಲಸ ಯಾರಿಗೂ ಕಾಯುವುದಿಲ್ಲ. ಅಲ್ಲಿನ ಎರಡು ಸಮುದಾಯಗಳಾದ ಹುಟು, ಟುಟ್ಸಿ ಎರಡೂ ಕಡೆಯವರು ಅದೇ ಘಟಕಕ್ಕೆ ಹಣ್ಣು ತಂದರು. ಮನಸ್ಸು ಒಂದಾಗಲಿ, ಆಮೇಲೆ ಕೆಲಸ ಮಾಡೋಣ ಅಂತ ಅವರು ಕಾಯುತ್ತ ಕೂರಲಿಲ್ಲ.

ನಮ್ಮ ಪೇಟೆಗಳಲ್ಲೂ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಒಂದು ರಸ್ತೆಯ ಎಲ್ಲ ಅಂಗಡಿಯವರು ಒಂದೇ ದಿನ, ಒಂದೇ ಹೊತ್ತಿಗೆ ಬಾಗಿಲು ತೆರೆಯಿರಿ. ಒಬ್ಬರೇ ತೆರೆದರೆ ಭಯ, ನಲವತ್ತು ಜನ ತೆರೆದರೆ ಅದು ಪೇಟೆ. ಮೈಸೂರಿನಿಂದ ಮಾಲು ತರುವ ಗೂಡ್ಸ್ ಗಾಡಿ ಬಾಡಿಗೆಯನ್ನು ನಾಲ್ಕು ಅಂಗಡಿಯವರು ಹಂಚಿಕೊಳ್ಳಿ. ರಾತ್ರಿ ಕಾವಲಿಗೆ, ಸಿಸಿ ಕ್ಯಾಮೆರಾಗೆ ಒಟ್ಟಿಗೆ ಹಣ ಹಾಕಿ. ಆಡಳಿತದವರು ಶಾಂತಿ ಸಭೆ ಕರೆದಾಗ ವರ್ತಕರ ಪರವಾಗಿ ಇಬ್ಬರು ಹೋಗಿ, ಬೇಕಾದ್ದನ್ನು ಬರೆದುಕೊಂಡು ಹೋಗಿ. ಸಂಜೆಯ ಕೊನೆಯ ಬಸ್ಸು ಮತ್ತೆ ಶುರುವಾಗಲಿ, ಸಂತೆ ಇಂಥ ದಿನದಿಂದ ನಡೆಯಲಿ, ಬೀದಿದೀಪ ಸರಿಯಾಗಲಿ. ಇಂಥ ಸ್ಪಷ್ಟ ಬೇಡಿಕೆಗೆ ಅಧಿಕಾರಿಗಳು ಅಲ್ಲೇ ಉತ್ತರ ಕೊಡಬಹುದು.

ಇಷ್ಟೆಲ್ಲದರ ನಡುವೆ ನಿಮಗೇ ನಿದ್ದೆ ಬರದಿದ್ದರೆ, ಕೈ ನಡುಗಿದರೆ, ಅದೂ ಪೆಟ್ಟೇ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಜ್ಜೆ 5: ವಾಟ್ಸಾಪ್ ಮತ್ತು ಹೊರಗಿನ ಗಿರಾಕಿ

ಇಂಥವರ ಅಂಗಡಿಯಲ್ಲಿ ಕೊಳ್ಳಬೇಡಿ ಅನ್ನುವ ಸಂದೇಶ ನಿಮ್ಮ ಗುಂಪಿಗೂ ಬರುತ್ತದೆ. ಫಾರ್ವರ್ಡ್ ಮಾಡಬೇಡಿ, ವಾದವೂ ಬೇಡ. ನಿಮ್ಮ ಮೇಲೆಯೇ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ. ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಪ್ರಕಾರ ಅಪರಾಧ. ಅಂಗಡಿಯ ಗಿರಾಕಿ ಗುಂಪಿನಲ್ಲಿ ಇವತ್ತಿನ ಮಾಲು, ಬೆಲೆ, ತೆರೆದಿರುವ ಹೊತ್ತು ಇಷ್ಟೇ ಇರಲಿ.

ಹೋಂಸ್ಟೇ, ಜೀಪು, ಸ್ಪೈಸ್ ಅಂಗಡಿಯವರಿಗೆ ಇದು ಜೀವನದ ಪ್ರಶ್ನೆ. 2018ರಲ್ಲಿ ಕುಸಿತ ಹೆಚ್ಚಾಗಿ ಆದದ್ದು ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಕೆಲವು ಭಾಗಗಳಲ್ಲಿ: ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ. ಆದರೆ ಬೆಂಗಳೂರಿನವರ ಕಣ್ಣಿಗೆ ಇಡೀ ಕೊಡಗೇ ಜಾರಿ ಹೋಗಿತ್ತು. ಗಲಾಟೆಯಲ್ಲೂ ಹಾಗೇ. ಮಡಿಕೇರಿಯ ಒಂದು ರಸ್ತೆಯ ಸುದ್ದಿಗೆ ಪೊನ್ನಂಪೇಟೆಯ ಬುಕಿಂಗೂ ರದ್ದಾಗುತ್ತದೆ. ಇದಕ್ಕೆ ಮದ್ದು ತಾರೀಖು ಇರುವ ನಿಜವಾದ ಮಾಹಿತಿ. ನಿಮ್ಮ ರಸ್ತೆ, ನಿಮ್ಮ ಅಂಗಳ, ಅಂದಿನ ಪೇಟೆಯ ಸಣ್ಣ ವಿಡಿಯೋ ಮಾಡಿ, ತಾರೀಖು ಹೇಳಿ ಹಾಕಿ. ನಿರ್ಬಂಧ ಇನ್ನೂ ಇದ್ದರೆ ಇದೆ ಅಂತಲೇ ಹೇಳಿ. ಗೂಗಲ್ ಮ್ಯಾಪಿನಲ್ಲಿ ತಾತ್ಕಾಲಿಕವಾಗಿ ಮುಚ್ಚಿದೆ ಅಂತ ಹಾಕಿ, ತೆರೆದ ದಿನವೇ ಅದನ್ನು ತೆಗೆಯಿರಿ. ಬುಕಿಂಗ್ ರದ್ದು ಮಾಡಿದವರಿಗೆ ಬೇರೆ ದಿನ ಕೊಡುತ್ತೇನೆ ಅಂತ ಕೇಳಿ, ಬೇಡ ಅಂದರೆ ತಕರಾರಿಲ್ಲದೆ ಹಣ ವಾಪಸ್ ಮಾಡಿ. ಹಳೆಯ ಅತಿಥಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡುವುದು ಯಾವ ಜಾಹೀರಾತಿಗಿಂತಲೂ ಮೇಲು. ಬರಲು ಆಗದವರು ಕಾಫಿಪುಡಿ, ಕಾಳುಮೆಣಸು, ಜೇನು ಪಾರ್ಸೆಲ್ ತರಿಸಿಕೊಳ್ಳಬಹುದು, ಕೇಳಿ ನೋಡಿ.

ಹೆಜ್ಜೆ 6: ಈಗ ಬ್ಯಾಂಕಿಗೆ ಹೋಗಿ

ಈಗ ನಿಮ್ಮ ಕೈಯಲ್ಲಿ ನಷ್ಟದ ಪಟ್ಟಿ ಇದೆ, ದಿನದ ಅಂಕಿ ಇದೆ, ಮಾಲಿನವರ ಮತ್ತು ಮಾಲೀಕರ ಒಪ್ಪಿಗೆ ಇದೆ. ಬರಿಗೈಲಿ ಹೋಗುವುದಕ್ಕೂ ಹೀಗೆ ಹೋಗುವುದಕ್ಕೂ ಬಹಳ ವ್ಯತ್ಯಾಸ.

ಹಳೆ ಸಾಲ ಇದ್ದರೆ ಕಂತು ತಪ್ಪುವ ಮೊದಲೇ ಹೋಗಿ. ಕಂತು ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ದಾರಿಗಳು ಕಿರಿದಾಗುತ್ತವೆ. ಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳಿಗೆಂದೇ 2016ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಪುನಶ್ಚೇತನ ವ್ಯವಸ್ಥೆ ಮಾಡಿತು. 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಅದು ಅನ್ವಯ. 10 ಲಕ್ಷದವರೆಗಿನ ಸಾಲವನ್ನು ಶಾಖೆಯ ಮಟ್ಟದಲ್ಲೇ ಪರಿಶೀಲಿಸಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಸಮಿತಿಗೆ ಹೋಗುತ್ತದೆ. ಸಾಲಗಾರರೇ ಮುಂದಾಗಿ ಅರ್ಜಿ ಕೊಡಬಹುದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಪೂರ್ತಿ ಉಚಿತ, ಶುಲ್ಕ ಅಂತ ಯಾರಿಗೂ ಕೊಡಬೇಡಿ. ಇದು ವಾಣಿಜ್ಯ ಬ್ಯಾಂಕುಗಳ ಮಾತು. ಸಹಕಾರ ಸಂಘದಲ್ಲಿ ಸಾಲ ಇದ್ದವರು ಸಂಘದ ಆಡಳಿತ ಮಂಡಳಿಗೇ ಅರ್ಜಿ ಕೊಡಬೇಕು.

ಅರ್ಜಿ ಉದ್ದ ಬೇಡ. ಹೀಗಿದ್ದರೆ ಸಾಕು:

"ಮಾನ್ಯ ಶಾಖಾ ವ್ಯವಸ್ಥಾಪಕರೇ, ನಿಮ್ಮ ಶಾಖೆಯಲ್ಲಿ ನನಗೆ ಇಷ್ಟು ಸಾಲ ಇದೆ, ಇಂಥ ತಿಂಗಳವರೆಗೆ ಕಂತು ತಪ್ಪಿಲ್ಲ. ಗಲಭೆಯಲ್ಲಿ ಅಂಗಡಿಗೆ ಹಾನಿ ಆಗಿದೆ, ಎಫ್‌ಐಆರ್ ಮತ್ತು ನಷ್ಟದ ಪಟ್ಟಿ ಲಗತ್ತಿಸಿದ್ದೇನೆ. ಈಗ ದಿನಕ್ಕೆ ಇಷ್ಟು ವ್ಯಾಪಾರ ಆಗುತ್ತಿದೆ. ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲು, ಉಳಿದ ಅವಧಿಯನ್ನು ಮುಂದೂಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಶಾಖೆಯಲ್ಲಿ ಉತ್ತರ ಸಿಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರನ್ನು ನೋಡಿ.

ಕಂತು ಹೊಸದಾಗಿ ನಿಗದಿ ಮಾಡುವಾಗ ಕೊಡಗಿನ ಕಾಲವನ್ನು ಹೇಳಿ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರು, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆಗ ಊರಿನಲ್ಲಿ ಹಣ ಓಡಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವ್ಯಾಪಾರ ಅರ್ಧ. ಡಿಸೆಂಬರಿನಿಂದ ಮೇ ತನಕ ದೊಡ್ಡ ಕಂತು, ಮಳೆಗಾಲದಲ್ಲಿ ಚಿಕ್ಕ ಕಂತು ಅಂತ ಕೇಳಿ. ಮ್ಯಾನೇಜರ್ ಹೊರಗಿನಿಂದ ಬಂದವರಾಗಿದ್ದರೆ ಕಳೆದ ವರ್ಷದ ಸ್ಟೇಟ್‌ಮೆಂಟ್ ಇಟ್ಟು ತೋರಿಸಿ.

ಇಷ್ಟಾದ ಮೇಲೂ ಹೊಸ ಹಣ ಬೇಕಾದರೆ ಮುದ್ರಾ ಸಾಲ ಇದೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಅಡಮಾನ ಕೇಳುವಂತಿಲ್ಲ. ಪಟ್ಟಣದ ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ ಇದೆ, ಅದಕ್ಕೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗ ಯಾವ ಸಬ್ಸಿಡಿ ಯೋಜನೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಅಂತ ವಿಚಾರಿಸಿ. ಹೊಸ ಕಸುಬು ಕಲಿಯಬೇಕು ಅನ್ನುವವರಿಗೆ ಘಟ್ಟದ ಕೆಳಗೆ ಉಜಿರೆಯಲ್ಲಿ 1982ರಿಂದ ರುಡ್‌ಸೆಟ್ ಸಂಸ್ಥೆ ಇದೆ, ಊಟ ವಸತಿ ಸಮೇತ ಉಚಿತ ತರಬೇತಿ ಕೊಡುತ್ತಾರೆ.

ಮೀಟರ್ ಬಡ್ಡಿಗೆ ಹೋಗಬೇಡಿ. ತೀರಾ ತುರ್ತಾದರೆ ಬ್ಯಾಂಕಿನಲ್ಲಿ ಚಿನ್ನ ಇಡುವುದು ಅದಕ್ಕಿಂತ ಎಷ್ಟೋ ವಾಸಿ. ಈಗಾಗಲೇ ಸಣ್ಣ ಸಾಲದ ಕಂಪನಿಯವರು ಮನೆ ಬಾಗಿಲಿಗೆ ಬಂದು ಪೀಡಿಸುತ್ತಿದ್ದರೆ ಸುಮ್ಮನಿರಬೇಡಿ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ. ಠಾಣೆಗೆ ದೂರು ಕೊಡಿ.

ಹೆಜ್ಜೆ 7: ಮುಂದಿನ ಸಲಕ್ಕೆ ವಿಮೆ

ವಿಮೆ ದೊಡ್ಡವರಿಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಪಾಲಿಸಿ ಬಂದಿದೆ. ಕಟ್ಟಡ, ಮಾಲು, ಯಂತ್ರ ಸೇರಿ 5 ಕೋಟಿ ರೂಪಾಯಿವರೆಗಿನ ಸಣ್ಣ ವ್ಯಾಪಾರಕ್ಕೆ ಅದು. ಬೆಂಕಿ, ಪ್ರವಾಹದ ಜೊತೆ ಗಲಭೆ, ಮುಷ್ಕರ, ಬೇಕೆಂದೇ ಮಾಡಿದ ಹಾನಿ ಮತ್ತು ಭೂಕುಸಿತವೂ ಸೇರುತ್ತದೆ. ಕೊಡಗಿಗೆ ಇದು ಎರಡು ಕಡೆಯಿಂದಲೂ ಬೇಕಾದದ್ದು, ಅಲ್ವಾ?

ಪಾಲಿಸಿ ಮಾಡಿಸುವಾಗ ಮೂರು ವಿಷಯ ಕೇಳಿ. ಗಲಭೆಯ ರಕ್ಷಣೆ ಇದೆಯೇ, ಅದನ್ನು ತೆಗೆದು ಕಂತು ಕಡಿಮೆ ಮಾಡಿದ್ದಾರೆಯೇ? ಬರೀ ಕಟ್ಟಡಕ್ಕೆ ಇದೆಯೋ, ಮಾಲಿಗೂ ಇದೆಯೋ? ಬ್ಯಾಂಕ್ ಸಾಲದ ಜೊತೆ ಮಾಡಿಸಿದ ವಿಮೆ ಎಷ್ಟೋ ಸಲ ಸಾಲದಷ್ಟೇ ಮೊತ್ತಕ್ಕೆ ಇರುತ್ತದೆ. ಇನ್ನೊಂದು, ಮಾಲಿನ ಬೆಲೆ ನಿಜಕ್ಕೆ ಹತ್ತಿರ ಇದೆಯೇ? 10 ಲಕ್ಷದ ಮಾಲಿಗೆ 4 ಲಕ್ಷ ಅಂತ ಬರೆಸಿದರೆ ಅರ್ಧ ಸುಟ್ಟಾಗ ಪೂರ್ತಿ ನಷ್ಟ ಸಿಗುವುದಿಲ್ಲ, ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ.

ಇಂಥ ಪಾಲಿಸಿ ಕೊಡುವುದು ಸ್ವತ್ತಿಗೆ ಆದ ಹಾನಿಗೆ. ಏನೂ ಒಡೆಯದೆ ಕರ್ಫ್ಯೂವಿನಿಂದ ಅಂಗಡಿ ಮುಚ್ಚಿ ಹೋದ ಲಾಭಕ್ಕೆ ಅದರಲ್ಲಿ ಹಣ ಬರುವುದಿಲ್ಲ. ಆ ದಿನಗಳಿಗೆ ನಿಮ್ಮದೇ ಉಳಿತಾಯ ಬೇಕು. ಕಾಫಿ ಕೊಯ್ಲಿನ ನಾಲ್ಕು ತಿಂಗಳು ದಿನಕ್ಕೆ 200 ರೂಪಾಯಿ ಬೇರೆ ಖಾತೆಗೆ ಹಾಕಿದರೆ 26 ದಿನದ ತಿಂಗಳಿನ ಲೆಕ್ಕದಲ್ಲಿ 20,800 ಆಗುತ್ತದೆ. ಮೇಲಿನ ಉದಾಹರಣೆಯ ಅಂಗಡಿಗೆ ಅದು ಸುಮಾರು ಎರಡು ತಿಂಗಳ ಕೊರತೆ.

ಪಾಲಿಸಿ, ಉದ್ಯಮ್ ಪ್ರಮಾಣಪತ್ರ, ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಕಡದ ಪುಸ್ತಕದ ಫೋಟೋ ಇವೆಲ್ಲ ಅಂಗಡಿಯಲ್ಲಿ ಮಾತ್ರ ಇದ್ದರೆ ಸಾಲದು. ಮನೆಯಲ್ಲಿ ಒಂದು, ಮಕ್ಕಳ ಫೋನಿನಲ್ಲಿ ಒಂದು ಇರಲಿ. ವರ್ಷಕ್ಕೊಮ್ಮೆ, ಪಾಲಿಸಿ ನವೀಕರಣದ ದಿನ, ಅಂಗಡಿಯ ಪೂರ್ತಿ ಸ್ಟಾಕಿನ ಹೊಸ ವಿಡಿಯೋ ಮಾಡಿ ಅದರ ಜೊತೆಗೇ ಇಡಿ.